ಮೊಲ ಸತ್ತ ಮನೆಗೆ ಬೇಕಾದ ಸಮಾಧಾನ

ಸಾಕಿದ ಮೊಲ ಕಾಯಿಲೆ ಬಿದ್ದು ಸತ್ತರೆ ಆಗುವ ದುಃಖವೇ ಬೇರೆ, ಕೈಜಾರಿ ಬಿದ್ದೋ ಬಾಗಿಲ ಸಂದಿಗೆ ಸಿಕ್ಕಿಯೋ ಸತ್ತರೆ ಆಗುವ ಸಂಕಟವೇ ಬೇರೆ. ಅಲ್ಲಿ ಅಗಲಿಕೆಯ ನೋವೊಂದೇ ಇದ್ದರೆ, ಇಲ್ಲಿ ‘ನನ್ನ ಕೈಯಾರೆ ಹೋಯಿತಲ್ಲ’ ಎಂಬ ಕೊರಗೂ ಸೇರಿಕೊಳ್ಳುತ್ತದೆ. ಅಂಥವರಿಗೆ ಸುತ್ತಲಿನವರು ಹೇಳುವ ಸಮಾಧಾನ ಸಾಮಾನ್ಯವಾಗಿ ಎರಡು ಬಗೆಯದು. ‘ಮೊಲ ತಾನೆ, ಇನ್ನೊಂದು ತಂದರಾಯಿತು’ ಎನ್ನುವುದು ಒಂದು. ‘ಅದರ ಆಯುಸ್ಸೇ ಅಷ್ಟು, ನಿನ್ನದೇನೂ ತಪ್ಪಿಲ್ಲ’ ಎನ್ನುವುದು ಇನ್ನೊಂದು. ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಮಾತುಗಳೇ. ಆದರೆ ಮೊದಲನೆಯದು ಸತ್ತ ಜೀವದ ಬೆಲೆಯನ್ನು ಇಳಿಸುತ್ತದೆ, ಎರಡನೆಯದು ನಡೆದದ್ದನ್ನೇ ಮರೆಮಾಚುತ್ತದೆ. ಹಾಗಾಗಿ ನೊಂದವರಿಗೆ ಎರಡೂ ನಾಟುವುದಿಲ್ಲ. ಆ ಮನೆಗೆ ನಿಜವಾಗಿ ಆಸರೆಯಾಗುವುದು ಏನಾಯಿತು, ಏಕಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಯುವುದು. ಸಾಂತ್ವನವೂ ಅಲ್ಲಿಂದಲೇ ಹುಟ್ಟಬೇಕು ಎಂಬುದು ನನ್ನ ಖಚಿತ ನಿಲುವು.

ಮೊಲದ ಮೈಕಟ್ಟನ್ನೇ ನೋಡಿ. ಬೆಕ್ಕಿನ ದೇಹತೂಕದಲ್ಲಿ ಮೂಳೆಗಳ ಪಾಲು ಸುಮಾರು ಶೇ 12ರಿಂದ 13ರಷ್ಟಿದ್ದರೆ, ಮೊಲದಲ್ಲಿ ಅದು ಶೇ 7ರಿಂದ 8ರಷ್ಟು ಮಾತ್ರ. ಇಷ್ಟು ಹಗುರವಾದ ಮೂಳೆಗಳಿಗೆ ಹಿಂಗಾಲಿನ ಬಲಿಷ್ಠ ಸ್ನಾಯುಗಳು ಅಂಟಿಕೊಂಡಿವೆ. ನೆಲ ಬಿಟ್ಟು ಮೇಲೆತ್ತಿದಾಗ ಬೆದರಿದ ಮೊಲ ಜೋರಾಗಿ ಒದೆಯುತ್ತದೆ. ಹಿಂಭಾಗಕ್ಕೆ ಆಧಾರವಿಲ್ಲದಿದ್ದರೆ ಆ ಒದೆತದ ರಭಸಕ್ಕೇ ಸೊಂಟದ ಬಳಿಯ ಬೆನ್ನುಮೂಳೆ ಮುರಿಯಬಹುದು. ಕೆಳಗೆ ಬೀಳಲೇಬೇಕೆಂದಿಲ್ಲ. ಜೊತೆಗೆ, ಇದು ಬೇಟೆಗೆ ಬಲಿಯಾಗುವ ಜಾತಿಯ ಪ್ರಾಣಿ. ನೋವನ್ನು ತೋರಗೊಡದೆ ಮೂಲೆ ಹಿಡಿದು ಸುಮ್ಮನೆ ಕೂರುವುದು ಅದರ ಸ್ವಭಾವ. ನೋವು, ಭಯಗಳಿಂದ ಮೇವು ಬಿಟ್ಟರೆ ಕರುಳಿನ ಚಲನೆ ನಿಧಾನವಾಗಿ, ಪೆಟ್ಟಿನಿಂದ ಉಳಿದ ಜೀವವೂ ಹೋಗಬಹುದು. ‘ರಾತ್ರಿ ಚೆನ್ನಾಗಿಯೇ ಇತ್ತು, ನನಗೆ ಗೊತ್ತಾಗಲೇ ಇಲ್ಲ’ ಎಂದು ಹಲುಬುವವರು ಇದನ್ನು ತಿಳಿಯಬೇಕು. ಗೊತ್ತಾಗದೇ ಹೋದದ್ದಕ್ಕೆ ಅವರ ಪ್ರೀತಿಯ ಕೊರತೆ ಕಾರಣವಲ್ಲ. ಗೊತ್ತಾಗದಂತೆ ಇರುವುದೇ ಆ ಪ್ರಾಣಿ ಬದುಕುಳಿಯಲು ಕಲಿತ ದಾರಿ.

ಇಷ್ಟು ತಿಳಿದ ಮೇಲೂ ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ. ‘ಬಾಗಿಲು ಮುಚ್ಚುವ ಮೊದಲು ನೋಡಬೇಕಿತ್ತು’, ‘ಮಗುವಿನ ಕೈಗೆ ಕೊಡಬಾರದಿತ್ತು’ ಎಂದು ಹಳಿದುಕೊಳ್ಳುತ್ತಲೇ ಇರುತ್ತದೆ. ಫಲಿತಾಂಶ ಗೊತ್ತಾದ ಮೇಲೆ ಅದನ್ನು ಮೊದಲೇ ಊಹಿಸಬಹುದಿತ್ತು ಎಂದು ಮನುಷ್ಯರು ಅತಿಯಾಗಿ ನಂಬುತ್ತಾರೆ ಎಂಬುದನ್ನು ಮನೋವಿಜ್ಞಾನಿ ಬರೂಕ್ ಫಿಶಾಫ್ 1975ರಲ್ಲೇ ಪ್ರಯೋಗಗಳಿಂದ ತೋರಿಸಿದರು. ಅದೇ ಬಾಗಿಲನ್ನು ಏನೂ ಆಗದೆ ನೂರಾರು ಬಾರಿ ಮುಚ್ಚಿದ್ದೇವೆ. ಆಗೆಲ್ಲ ಅದು ಬರೀ ಬಾಗಿಲಾಗಿತ್ತು. ಅಪಾಯ ಎದ್ದು ಕಾಣುವುದು ಅಪಾಯ ಆದ ಮೇಲೆ. ಇಂದಿನ ತಿಳಿವನ್ನು ನಿನ್ನೆಯ ನಮ್ಮ ಮೇಲೆ ಹೇರಿ ತೀರ್ಪು ಕೊಡುವುದು ನ್ಯಾಯವಲ್ಲ.

ಹಾಗಾದರೆ ಇದು ಅಜಾಗರೂಕತೆಗೆ ಕೊಡುವ ಕ್ಷಮಾಪತ್ರವಲ್ಲವೇ ಎಂದು ಯಾರಾದರೂ ಕೇಳಬಹುದು. ಗಂಭೀರವಾದ ಪ್ರಶ್ನೆ. ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟಿದ್ದರು. ತನ್ನದೇನೂ ತಪ್ಪಿಲ್ಲದೆ ಅವನ ಲಾರಿಗೆ ಮಗುವೊಂದು ಸಿಲುಕುತ್ತದೆ. ನೋಡಿದವರಿಗಿಂತ ಬೇರೆಯೇ ಬಗೆಯ ವಿಷಾದ ಅವನಿಗಿರುತ್ತದೆ, ಇರುವುದೂ ಸಹಜ. ಆದರೂ ಅವನು ಅಪರಾಧಿಯಲ್ಲ. ಮೊಲದ ಒಡೆಯರ ನೋವೂ ಈ ಜಾತಿಯದು. ಅದನ್ನು ತಪ್ಪೆಂದು ಕರೆಯಬೇಕಿಲ್ಲ, ಏನೂ ಅಲ್ಲವೆಂದು ತಳ್ಳಿಹಾಕಲೂಬಾರದು. ಒಂದು ವೇಳೆ ನಿಜವಾಗಿಯೂ ಉದಾಸೀನವಿದ್ದರೆ, ಅಂದರೆ ಬಿದ್ದ ಮೊಲವನ್ನು ‘ಸರಿಹೋಗುತ್ತದೆ’ ಎಂದು ಎರಡು ದಿನ ಹಾಗೆಯೇ ಬಿಟ್ಟಿದ್ದರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಒಪ್ಪಿಕೊಂಡದ್ದು ಮುಂದಿನ ನಡತೆಯಲ್ಲಿ ಕಾಣಬೇಕೇ ಹೊರತು ತನ್ನನ್ನು ತಾನು ಕೊನೆಯಿಲ್ಲದೆ ದಂಡಿಸಿಕೊಳ್ಳುವುದರಲ್ಲಿ ಅಲ್ಲ. ಆ ದಂಡನೆಯಿಂದ ಯಾವ ಮೊಲಕ್ಕೂ ಉಪಕಾರವಿಲ್ಲ.

ಇನ್ನೊಂದು ಆಕ್ಷೇಪವಿದೆ: ಮನುಷ್ಯರ ಸಾವಿಗೇ ಅಳಲು ಪುರುಸೊತ್ತಿಲ್ಲದ ಕಾಲದಲ್ಲಿ ಮೊಲಕ್ಕೆ ಶೋಕವೇ, ಇದು ಪಟ್ಟಣದವರ ಹೊಸ ಶೋಕಿ ಎಂಬುದು. ಹೊಸದೆನ್ನುವವರು ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವನ್ನು ನೆನೆಯಲಿ. ಗಂಗರ ದೊರೆ ಬೂತುಗನಿಂದ ಅವನ ಆಪ್ತ ಮಣಲೇರ ಕೇಳಿ ಪಡೆದ ‘ಕಾಳಿ’ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನೆಟ್ಟು, ಭೂಮಿಯನ್ನೂ ಬಿಟ್ಟರು. ಕಾಳಿ ವೀರನಾಯಿ, ಮೊಲ ಏನು ಸಾಧಿಸಿತು ಎನ್ನಬಹುದು. ಶೋಕಕ್ಕೆ ಸಾಧನೆಯ ಅಳತೆ ಹಿಡಿದರೆ ಹಸುಗೂಸಿನ ಸಾವಿಗೂ ನಾವು ಅಳಬಾರದು. ದಿನವೂ ಸೊಪ್ಪು ಹಾಕಿದ, ಗೂಡು ತೊಳೆದ ಕೈಗೆ ಕೆಲಸ ತಪ್ಪಿದಾಗ ಆಗುವ ಶೂನ್ಯ ನಿಜವಾದದ್ದು. ಸಮಾಜ ಮಾನ್ಯ ಮಾಡದ ಶೋಕದ ಬಗ್ಗೆ 1989ರಲ್ಲಿ ಸಂಶೋಧಕ ಕೆನೆತ್ ಡೋಕಾ ಪುಸ್ತಕವನ್ನೇ ಸಂಪಾದಿಸಿದರು. ಹೇಳಿಕೊಳ್ಳಲು ಜಾಗವಿಲ್ಲದ ದುಃಖ ಒಳಗೇ ಬೆಳೆಯುತ್ತದೆ ಎಂಬುದು ಅಲ್ಲಿಂದ ನಾವು ಕಲಿಯಬೇಕಾದ ಪಾಠ. ಒಂದು ಮೊಲಕ್ಕಾಗಿ ಅತ್ತವರಲ್ಲಿ ಮನುಷ್ಯರಿಗಾಗಿ ಕಣ್ಣೀರು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ನೇರ ಮಾತಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದು ಎರಡು ಕಡೆ. ಒಂದು, ಮಗುವಿನ ಕೈಯಿಂದ ಮೊಲ ಬಿದ್ದಾಗ. ‘ಕಾಡಿಗೆ ಓಡಿಹೋಯಿತು’ ಎಂದು ಕತೆ ಕಟ್ಟುವುದಾಗಲಿ, ಮಾರನೆಯ ದಿನವೇ ಅದೇ ಬಣ್ಣದ ಮೊಲ ತಂದಿಡುವುದಾಗಲಿ ಬೇಡ. ಮೊಲ ಸತ್ತಿದೆ, ಅದರ ಮೂಳೆ ಬಹಳ ನಾಜೂಕು, ನೀನು ಬೇಕೆಂದು ಬೀಳಿಸಲಿಲ್ಲ, ಹೇಗೆ ಎತ್ತಬೇಕೆಂದು ಹೇಳಿಕೊಡಬೇಕಾದವರು ನಾವು ದೊಡ್ಡವರು ಎಂದು ಬಿಡಿಸಿ ಹೇಳಬೇಕು. ಎರಡು, ಬೆನ್ನುಹುರಿ ತುಂಡಾದ ಮೊಲಕ್ಕೆ ಪಶುವೈದ್ಯರು ದಯಾಮರಣ ಸೂಚಿಸಿದಾಗ. ಪೆಟ್ಟಾದದ್ದೂ ನನ್ನಿಂದ, ಸಾವಿಗೆ ಒಪ್ಪಿದ್ದೂ ನಾನು ಎಂಬ ಇಮ್ಮಡಿ ಭಾರ ಅಲ್ಲಿರುತ್ತದೆ. ಗಾಯ ಎಷ್ಟಿತ್ತು, ಗುಣವಾಗುವ ಸಾಧ್ಯತೆ ಎಷ್ಟಿತ್ತು ಎಂದು ವೈದ್ಯರನ್ನು ಕೇಳಿ ತಿಳಿದುಕೊಂಡರೆ, ಆ ಒಪ್ಪಿಗೆ ನರಳಾಟವನ್ನು ಕೊನೆಗೊಳಿಸಿದ ಕೊನೆಯ ಆರೈಕೆ ಎಂಬುದು ಮನದಟ್ಟಾಗುತ್ತದೆ.

ಜೋಡಿ ಮೊಲವೊಂದು ಉಳಿದಿದ್ದರೆ ಗಮನ ಮೊದಲು ಅದರತ್ತ ಹರಿಯಲಿ. ಸಂಗಾತಿ ಇಲ್ಲದೆ ಅದು ಮೇವು ಬಿಡಬಹುದು, ಅರ್ಧ ದಿನ ತಿನ್ನದಿದ್ದರೂ ವೈದ್ಯರಲ್ಲಿಗೆ ಒಯ್ಯಬೇಕು. ಕೊರಗಿನಿಂದ ನಿದ್ದೆ, ಊಟ ಬಿಟ್ಟುಹೋದವರು ನಾಚಿಕೊಳ್ಳದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ. ಇನ್ನು ಮೊಲ ಮಾರುವ ಅಂಗಡಿಯವರು ಒಂದು ಕೈ ಎದೆಯಡಿಗೆ, ಇನ್ನೊಂದು ಕೈ ಹಿಂಭಾಗದಡಿಗೆ ಕೊಟ್ಟು, ನೆಲದಲ್ಲಿ ಕುಳಿತೇ ಎತ್ತಿಕೊಳ್ಳಬೇಕು ಎಂಬುದನ್ನು ಕೊಳ್ಳುವವರಿಗೆ ಮಾಡಿ ತೋರಿಸುವುದು ಕಡ್ಡಾಯವಾಗಬೇಕು. ಮೊಲ ಕಳೆದುಕೊಂಡ ಮನೆಯವರು ಈ ಎರಡು ಮಾತನ್ನು ನೆರೆಮನೆಯ ಮಕ್ಕಳಿಗೆ ಕಲಿಸಿದರೂ ಸಾಕು. ಹೋದ ಜೀವಕ್ಕೆ ಸಲ್ಲುವ ಗೌರವವೂ ಅದೇ, ತಮ್ಮನ್ನು ತಾವು ಕ್ಷಮಿಸಿಕೊಳ್ಳಲು ಇರುವ ಪ್ರಾಮಾಣಿಕ ದಾರಿಯೂ ಅದೇ.