ದೋಣಿಯಂಥ ಮೂಳೆ

ಆಟಗಾರನ ಯೋಗ್ಯತೆಯನ್ನು ಅಳೆಯ ಹೊರಡುವವರು ಸಾಮಾನ್ಯವಾಗಿ ಅಂಕಿಗಳನ್ನು ನೋಡುತ್ತಾರೆ. ಎಷ್ಟು ಪಂದ್ಯಗಳನ್ನು ಆಡಿದನು, ಎಷ್ಟು ಅಂಕಗಳನ್ನು ಗಳಿಸಿದನು, ಎಷ್ಟು ವರ್ಷ ಕಣದಲ್ಲಿ ನಿಂತನು ಎಂಬುದೇ ಅವರ ಅಳತೆಗೋಲು. ಈ ಕೋಲಿನಿಂದ ಅಳೆದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಬಿಲ್ ವಾಲ್ಟನ್ ತೀರ ಸಾಧಾರಣನಾಗಿ ಕಾಣುತ್ತಾನೆ. 1974ರಿಂದ 1987ರವರೆಗಿನ ಹದಿಮೂರು ಋತುಗಳಲ್ಲಿ, ಋತುವೊಂದಕ್ಕೆ 82ರಂತೆ, ಒಂದು ತಂಡದ ಪಾಲಿಗೆ ಬಂದ ಲೀಗ್ ಪಂದ್ಯಗಳು 1066. ವಾಲ್ಟನ್ ಆಡಿದ್ದು ಅವುಗಳಲ್ಲಿ 468 ಮಾತ್ರ. ಅವನು ಓದಿದ ವಿಶ್ವವಿದ್ಯಾಲಯದಲ್ಲಿಯೇ ಅವನಿಗಿಂತ ಮೊದಲು ಓದಿದ ಕರೀಮ್ ಅಬ್ದುಲ್ ಜಬ್ಬಾರ್ ಇಪ್ಪತ್ತು ಋತುಗಳಲ್ಲಿ 1560 ಪಂದ್ಯಗಳನ್ನು ಆಡಿದನು. ಆದರೂ 1996ರಲ್ಲಿ ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘವು ತನ್ನ ಐವತ್ತು ವರ್ಷಗಳ ಐವತ್ತು ಶ್ರೇಷ್ಠ ಆಟಗಾರರನ್ನು ಹೆಸರಿಸಿದಾಗ ಆ ಪಟ್ಟಿಯಲ್ಲಿ ಇವರಿಬ್ಬರೂ ಇದ್ದರು. ಅರ್ಧಕ್ಕಿಂತ ಹೆಚ್ಚು ಪಂದ್ಯಗಳನ್ನು ಅಂಗಣದ ಹೊರಗೆ ಕಳೆದವನಿಗೆ ಈ ಗೌರವ ಹೇಗೆ ಸಂದಿತು?

ವಾಲ್ಟನ್ 1952ರ ನವೆಂಬರ್ 5ರಂದು ಕ್ಯಾಲಿಫೋರ್ನಿಯದ ಲಾ ಮೆಸಾ ಎಂಬ ಊರಿನಲ್ಲಿ ಹುಟ್ಟಿದನು. ಬೆಳೆದು ಆರಡಿ ಹನ್ನೊಂದು ಅಂಗುಲ ಎತ್ತರದ ಯುವಕನಾದನು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಜಾನ್ ವುಡನ್ ಎಂಬ ಗುರುವಿನ ಕೈಯಲ್ಲಿ ಪಳಗಿದನು. ಅವನಿದ್ದ ಕಾಲದಲ್ಲಿ ಆ ತಂಡದ ಸತತ ವಿಜಯಗಳ ಸಂಖ್ಯೆ 88ನ್ನು ಮುಟ್ಟಿತು. 1973ರ ಅಂತಿಮ ಪಂದ್ಯದಲ್ಲಿ ಅವನು ಬುಟ್ಟಿಯತ್ತ 22 ಬಾರಿ ಚೆಂಡನ್ನು ಎಸೆದನು. 21 ಬಾರಿ ಅದು ಬುಟ್ಟಿಯೊಳಗೆ ಬಿದ್ದಿತು. ಮರುವರ್ಷ ವೃತ್ತಿ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಮೊತ್ತಮೊದಲು ಕರೆಯಲಾದ ಹೆಸರು ಅವನದೇ. ಕರೆದುಕೊಂಡದ್ದು ಪೋರ್ಟ್‌ಲೆಂಡ್ ನಗರದ ತಂಡ.

ಮೊದಲ ವರ್ಷ ಅವನು ಆಡಿದ್ದು 35 ಪಂದ್ಯ, ಎರಡನೆಯ ವರ್ಷ 51. ಮೂರನೆಯ ವರ್ಷ ದೇಹ ಸ್ವಲ್ಪ ಕರುಣೆ ತೋರಿತು. 65 ಪಂದ್ಯಗಳನ್ನಾಡಿದ ವಾಲ್ಟನ್, ಹಲಗೆಯಿಂದ ಪುಟಿದ ಚೆಂಡನ್ನು ಹಿಡಿಯುವುದರಲ್ಲಿಯೂ ಎದುರಾಳಿಯ ಎಸೆತವನ್ನು ತಡೆಯುವುದರಲ್ಲಿಯೂ ಇಡೀ ಲೀಗಿನಲ್ಲಿ ಮೊದಲಿಗನಾದನು. 1977ರ ಅಂತಿಮ ಸುತ್ತಿನಲ್ಲಿ ಫಿಲಡೆಲ್ಫಿಯ ತಂಡದೆದುರು ಮೊದಲೆರಡು ಪಂದ್ಯಗಳನ್ನು ಸೋತ ಪೋರ್ಟ್‌ಲೆಂಡ್ ಮುಂದಿನ ನಾಲ್ಕನ್ನೂ ಗೆದ್ದು ಪಟ್ಟವೇರಿತು. ಅವನ ಆಟದ ಸೊಗಸು ಅಂಕ ಗಳಿಕೆಯಲ್ಲಿರಲಿಲ್ಲ. ಚೆಂಡನ್ನು ಹಿಡಿದ ಕ್ಷಣದಲ್ಲಿಯೇ ಯಾವ ಜೊತೆಗಾರನು ಎಲ್ಲಿ ಓಡುತ್ತಿದ್ದಾನೆಂದು ಅರಿತು ಅವನ ಕೈಗೆ ಅದನ್ನು ಮುಟ್ಟಿಸುವುದರಲ್ಲಿತ್ತು. ಉಳಿದ ನಾಲ್ವರನ್ನು ಅವರವರ ಶಕ್ತಿಗಿಂತ ಒಂದು ಮೆಟ್ಟಿಲು ಮೇಲಕ್ಕೆ ಏರಿಸುವ ಆಟ ಅದು.

ಮುಂದಿನ ಋತುವಿನ ಮೊದಲ 60 ಪಂದ್ಯಗಳಲ್ಲಿ ಪೋರ್ಟ್‌ಲೆಂಡ್ 50ನ್ನು ಗೆದ್ದಿತು. ಆಗ ವಾಲ್ಟನ್‌ನ ಪಾದ ಕೈಕೊಟ್ಟಿತು. ಅವನಿಲ್ಲದೆ ಉಳಿದ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎಂಟು ಮಾತ್ರ. ಒಬ್ಬ ಆಟಗಾರನ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಲೆಕ್ಕ ಸಿಗುವುದು ಕಷ್ಟ. 58 ಪಂದ್ಯಗಳನ್ನಷ್ಟೇ ಆಡಿದ್ದರೂ 1978ರಲ್ಲಿ ಲೀಗಿನ ಅತ್ಯಂತ ಮೌಲ್ಯವುಳ್ಳ ಆಟಗಾರನೆಂಬ ಪ್ರಶಸ್ತಿ ಅವನಿಗೇ ದೊರೆಯಿತು.

ಅನಂತರ ನಡೆದ ಸಂಗತಿಯೇ ಈ ಬಾಳಿನ ತಿರುವು. ಸಿಯಾಟಲ್ ತಂಡದೊಡನೆ ನಿರ್ಣಾಯಕ ಸುತ್ತು ಬಂದಿತು. ಪೂರ್ತಿ ವಾಸಿಯಾಗದ ವಾಲ್ಟನ್ ಅಂಗಣಕ್ಕೆ ಮರಳಿದನು. ಎರಡನೆಯ ಪಂದ್ಯಕ್ಕೆ ಮೊದಲು ಅವನ ಪಾದಕ್ಕೆ ನೋವು ಮರೆಸುವ ಚುಚ್ಚುಮದ್ದನ್ನು ಕೊಡಲಾಯಿತು. ಪಂದ್ಯದ ಬಳಿಕ ತೆಗೆದ ಕ್ಷಕಿರಣ ಚಿತ್ರದಲ್ಲಿ ಎಡಪಾದದ ಮೂಳೆ ಮುರಿದಿರುವುದು ಕಂಡುಬಂದಿತು.

ಆ ಮೂಳೆ ಪಾದದ ನಡುವೆ, ಕಮಾನಿನ ನೆತ್ತಿಯಲ್ಲಿದೆ. ದೋಣಿಯನ್ನು ಹೋಲುವ ಆಕಾರದಿಂದಾಗಿ ವೈದ್ಯರು ಅದನ್ನು ನ್ಯಾವಿಕ್ಯುಲರ್ ಎಂದು ಕರೆಯುತ್ತಾರೆ. ಕಲ್ಲಿನ ಕಮಾನಿನಲ್ಲಿ ನಡುಗಲ್ಲು ಹೇಗೋ ಪಾದದಲ್ಲಿ ಅದು ಹಾಗೆ. ನೆಗೆದು ಇಳಿದಾಗಲೆಲ್ಲ ದೇಹದ ತೂಕದ ಹಲವು ಪಟ್ಟು ಭಾರ ಪಾದದ ಮೇಲೆ ಬೀಳುತ್ತದೆ. ಅದರ ದೊಡ್ಡ ಪಾಲನ್ನು ಈ ಪುಟ್ಟ ಮೂಳೆ ಹೊರಬೇಕು. ಮೂಳೆ ಜಡವಸ್ತುವಲ್ಲ. ಭಾರದಿಂದ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಮೂಡುತ್ತವೆ, ವಿಶ್ರಾಂತಿಯಲ್ಲಿ ಅವು ಕೂಡಿಕೊಳ್ಳುತ್ತವೆ. ಕೂಡಿಕೊಳ್ಳುವ ಮೊದಲೇ ಮತ್ತೆ ಭಾರ ಬಿದ್ದರೆ ಬಿರುಕು ಬೆಳೆಯುತ್ತದೆ. ಈ ಮೂಳೆಯ ನಡುಭಾಗಕ್ಕೆ ರಕ್ತ ಹರಿಯುವುದೂ ಕಡಿಮೆ. ಆದುದರಿಂದ ಒಮ್ಮೆ ಮುರಿದರೆ ಬೇಗ ಕೂಡುವುದಿಲ್ಲ. ವಾಲ್ಟನ್‌ನ ಪಾದದ ಕಮಾನು ಸಹಜವಾಗಿಯೇ ಹೆಚ್ಚು ಎತ್ತರವಾಗಿದ್ದಿತು. ಅಂಥ ಪಾದ ಬಿಗಿಯಾಗಿರುತ್ತದೆ, ಪೆಟ್ಟನ್ನು ನುಂಗಿಕೊಳ್ಳಲಾರದು. ಸುಮಾರು ಆರು ತಿಂಗಳಲ್ಲಿ 82 ಪಂದ್ಯಗಳನ್ನಾಡಿಸುವ ವೃತ್ತಿಗೂ ಈ ಪಾದಕ್ಕೂ ಹೊಂದಿಕೆಯಾಗುವುದು ಹೇಗೆ?

ಚುಚ್ಚುಮದ್ದು ಮೂಳೆಯನ್ನು ಕೂಡಿಸುವುದಿಲ್ಲ. ಮೂಳೆಯ ದೂರನ್ನು ಮಾತ್ರ ಅಡಗಿಸುತ್ತದೆ. ಊರಿಗೆ ಬೆಂಕಿ ಬಿದ್ದಿದೆಯೆಂದು ಕೂಗುತ್ತ ಬಂದ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ ಅದು. ಹಾಗಾದರೆ ತಪ್ಪು ಯಾರದು? ತಂಡದ್ದೇ ಎಂದು ವಾಲ್ಟನ್ ಭಾವಿಸಿದನು. ಗಾಯಗೊಂಡವರನ್ನು ತಂಡ ನೋಡಿಕೊಂಡ ರೀತಿಯನ್ನು ಪ್ರತಿಭಟಿಸಿ 1978–79ರ ಋತುವಿನುದ್ದಕ್ಕೂ ಆಡಲಿಲ್ಲ. ಬಳಿಕ ಊರನ್ನೇ ಬಿಟ್ಟು ಸ್ಯಾನ್ ಡಿಯಾಗೊ ತಂಡವನ್ನು ಸೇರಿದನು. ಆದರೆ ಪೂರ್ತಿ ವಾಸಿಯಾಗದೆಯೇ ಅಂಗಣಕ್ಕೆ ಇಳಿದವನು ಅವನೂ ಹೌದು ಎಂಬುದನ್ನು ಮರೆಯಲಾಗದು. ಇಪ್ಪತ್ತೈದರ ಹರೆಯ, ಎದುರಿಗೆ ನಿರ್ಣಾಯಕ ಪಂದ್ಯ, ಕಾದು ಕುಳಿತ ಸಾವಿರಾರು ಜನ, ತನ್ನನ್ನೇ ನಂಬಿದ ಜೊತೆಗಾರರು. ಇಂಥ ಹೊತ್ತಿನಲ್ಲಿ ಯುವಕನೊಬ್ಬನನ್ನು ‘ಆಡುವೆಯಾ?’ ಎಂದು ಕೇಳುವುದೇ ಸಲ್ಲದು. ಅವನ ಉತ್ತರ ಕೇಳುವ ಮೊದಲೇ ಗೊತ್ತು. ತಂಡದ ವೈದ್ಯನಾದರೋ ಇಬ್ಬರು ಯಜಮಾನರ ಸೇವಕ: ಸಂಬಳ ಕೊಡುವುದು ತಂಡ, ನಂಬಿ ಕಾಲು ಚಾಚುವವನು ಆಟಗಾರ. ಆಡಬಹುದೋ ಬಾರದೋ ಎಂಬ ತೀರ್ಮಾನ, ಪಂದ್ಯದ ಸೋಲುಗೆಲುವಿನಲ್ಲಿ ಪಾಲಿಲ್ಲದ ಮೂರನೆಯವನ ಕೈಯಲ್ಲಿರಬೇಕು.

ವೃತ್ತಿ ಆಟಗಾರನು ಹಣ ಪಡೆಯುತ್ತಾನೆ, ನೋವು ಸಹಿಸುವುದು ಅವನ ಕರ್ತವ್ಯ ಎನ್ನುವವರು ಉಂಟು. ದಣಿದ ಸ್ನಾಯುವಿನ ನೋವಿಗೆ ಆ ಮಾತು ಒಪ್ಪುತ್ತದೆ. ಅದನ್ನು ಸಹಿಸದೆ ಯಾವ ಆಟವೂ ಸಿದ್ಧಿಸದು. ಬಿರುಕುಬಿಟ್ಟ ಮೂಳೆಯ ನೋವು ಬೇರೆ ಜಾತಿಯದು. ಇವೆರಡನ್ನೂ ಒಂದೇ ಎಂದು ಹೊಗಳುವ ಪತ್ರಿಕೆಗಳೂ ಪ್ರೇಕ್ಷಕರೂ ಆಟಗಾರನಿಗೆ ಉಪಕಾರ ಮಾಡುತ್ತಿಲ್ಲ.

2023–24ರ ಋತುವಿನಿಂದ ಅಮೆರಿಕದ ಲೀಗಿನಲ್ಲಿ ಹೊಸ ನಿಯಮವೊಂದು ಬಂದಿತು. ಋತುವಿನಲ್ಲಿ 65 ಪಂದ್ಯಗಳನ್ನಾದರೂ ಆಡದವನಿಗೆ ಪ್ರಮುಖ ಪ್ರಶಸ್ತಿಗಳು ಸಲ್ಲವೆಂಬುದು ಅದರ ಸಾರ. ಹಣ ಕೊಟ್ಟು ಬಂದ ಪ್ರೇಕ್ಷಕನಿಗೆ ಹೆಸರಾಂತ ಆಟಗಾರನು ವಿಶ್ರಾಂತಿಯ ನೆಪದಲ್ಲಿ ಕಾಣದೆ ಹೋಗುವುದು ಅನ್ಯಾಯವೇ, ನಿಯಮಕ್ಕೆ ಕಾರಣವಿಲ್ಲದಿಲ್ಲ. ಆದರೆ ಇದೇ ನಿಯಮ 1978ರಲ್ಲಿದ್ದಿದ್ದರೆ ವಾಲ್ಟನ್‌ಗೆ ಪ್ರಶಸ್ತಿ ದೊರೆಯುತ್ತಿರಲಿಲ್ಲ. ಕೆಲವು ಆಟಗಾರರ ಸಂಬಳದ ಮಿತಿಯೂ ಇಂಥ ಪ್ರಶಸ್ತಿಗಳನ್ನು ಅವಲಂಬಿಸಿರುವುದರಿಂದ, ಕುಂಟುತ್ತಲಾದರೂ ಎಣಿಕೆ ಮುಟ್ಟಿಸುವ ಆಸೆ ಹುಟ್ಟದಿರದು. ಸೋಮಾರಿಯನ್ನೂ ಗಾಯಾಳುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮ ಒಳ್ಳೆಯ ನಿಯಮವಲ್ಲ.

ಗಾಯಗಳು ಒಂದಾದ ಮೇಲೊಂದು ಬಂದಾಗ ಆಟವೇ ಬೇರೆಯಾಗುತ್ತದೆ. 2011ರಲ್ಲಿ 22ನೆಯ ವಯಸ್ಸಿಗೇ ಮೌಲ್ಯವುಳ್ಳ ಆಟಗಾರನೆನಿಸಿದ ಷಿಕಾಗೋದ ಡೆರಿಕ್ ರೋಸ್‌ನ ಮೊಣಕಾಲಿನ ಕಟ್ಟು 2012ರ ಏಪ್ರಿಲ್‌ನಲ್ಲಿ ಹರಿಯಿತು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗಳಾದವು. ಮಿಂಚಿನಂಥ ಆ ವೇಗ ಮೊದಲಿನಂತೆ ಉಳಿಯಲಿಲ್ಲ. 2018ರ ಅಕ್ಟೋಬರ್ 31ರಂದು ಅದೇ ರೋಸ್ ಒಂದು ಪಂದ್ಯದಲ್ಲಿ 50 ಅಂಕ ಗಳಿಸಿ ಕಣ್ಣೀರಿಟ್ಟನು.

ವಾಲ್ಟನ್‌ನ ಮರಳಿಕೆ ಇದಕ್ಕಿಂತ ನಿಧಾನವಾದುದು. 1979–80ರಲ್ಲಿ 14 ಪಂದ್ಯ; ಮುಂದಿನ ಎರಡು ಋತುಗಳಲ್ಲಿ ಒಂದೂ ಇಲ್ಲ. ಶಸ್ತ್ರವೈದ್ಯರು ಪಾದದ ಕಮಾನನ್ನೇ ತಗ್ಗಿಸಿ ಹೊಸದಾಗಿ ರೂಪಿಸಿದರು. ಅನಂತರ 33, 55, 67 ಎಂದು ಪಂದ್ಯಗಳು ಹೆಚ್ಚಿದವು. 1985ರಲ್ಲಿ ಅವನು ಬಾಸ್ಟನ್ ತಂಡವನ್ನು ಸೇರಿದನು. ಅಲ್ಲಿ ಲ್ಯಾರಿ ಬರ್ಡ್, ಕೆವಿನ್ ಮೆಕ್‌ಹೇಲ್, ರಾಬರ್ಟ್ ಪ್ಯಾರಿಷ್ ಮುಂತಾದ ಘಟಾನುಘಟಿಗಳಿದ್ದರು. ಒಂದು ಕಾಲದ ಮೊದಲಿಗನು ಈಗ ಬೆಂಚಿನ ಮೇಲೆ ಕುಳಿತು ತನ್ನ ಸರದಿಗಾಗಿ ಕಾಯಬೇಕು. ಅವನು ಸಂತೋಷದಿಂದಲೇ ಕಾದನು. ಪಂದ್ಯಕ್ಕೆ ಸುಮಾರು ಇಪ್ಪತ್ತು ನಿಮಿಷದಂತೆ ಆ ಋತುವಿನಲ್ಲಿ 80 ಪಂದ್ಯಗಳನ್ನಾಡಿದನು. ಅವನ ಬಾಳಿನಲ್ಲಿಯೇ ಅದು ಅತಿ ಹೆಚ್ಚು. ತಂಡ 1986ರ ಪಟ್ಟವನ್ನು ಗೆದ್ದಿತು. ಬೆಂಚಿನಿಂದೆದ್ದು ಬಂದು ಆಡುವವರಲ್ಲಿ ಶ್ರೇಷ್ಠನಿಗೆ ಕೊಡುವ ‘ಆರನೆಯ ಆಟಗಾರ’ ಪ್ರಶಸ್ತಿ ಅವನಿಗೆ ಸಂದಿತು. ಭಾರವನ್ನು ಅರ್ಧಕ್ಕೆ ಇಳಿಸಿದಾಗ ದೇಹ ಎಷ್ಟು ದೂರ ನಡೆದೀತೆಂಬುದು ಆಗ ತಿಳಿಯಿತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಮುಂದಿನ ಋತುವಿನಲ್ಲಿ ಹತ್ತೇ ಪಂದ್ಯಗಳು, ಅಲ್ಲಿಗೆ ಆಟ ಮುಗಿಯಿತು.

ಲೆಕ್ಕ ಮಾತ್ರ ಮುಗಿಯಲಿಲ್ಲ. ಬಾಳಿನುದ್ದಕ್ಕೂ ಅವನಿಗಾದ ಶಸ್ತ್ರಚಿಕಿತ್ಸೆಗಳು ಮೂವತ್ತಕ್ಕೂ ಮಿಕ್ಕವು. ಎರಡೂ ಹರಡಿನ ಕೀಲುಗಳನ್ನು ಬೆಸೆಯಬೇಕಾಯಿತು. 2009ರಲ್ಲಿ ಬೆನ್ನುಮೂಳೆಯೂ ಶಸ್ತ್ರಕ್ಕೆ ಒಳಗಾಯಿತು. ಇಪ್ಪತ್ತೆಂಟು ವರ್ಷದವರೆಗೂ ಉಗ್ಗುತ್ತಿದ್ದ ವಾಲ್ಟನ್, ಆ ಉಗ್ಗನ್ನು ಗೆದ್ದು ದೂರದರ್ಶನದಲ್ಲಿ ಆಟದ ವಿವರಣೆಕಾರನಾದನು. ಮಾತಿನ ಮಲ್ಲನೆಂದೇ ಹೆಸರಾದನು. 2024ರ ಮೇ 27ರಂದು, 71ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡನು. ಬೆಸೆದ ಹರಡುಗಳಿಂದ ಓಡುವುದು ಸಾಧ್ಯವಿರಲಿಲ್ಲ. ಆದುದರಿಂದ ಅವನು ಸೈಕಲ್ ಹಿಡಿದನು. ಆ ಎತ್ತರದ ಮನುಷ್ಯನು ಬಹುದೂರ ಸೈಕಲ್ ತುಳಿಯುತ್ತ ಹೋಗುವುದನ್ನು ಸ್ಯಾನ್ ಡಿಯಾಗೊದ ಜನ ಬಹುಕಾಲ ನೋಡಿದರು.