ಅನುಮಾನವೆಂಬ ಮಾತು



‘ಈ ಸಲ ಮಳೆ ಬರುವುದು ಅನುಮಾನ’, ‘ಅವನ ಮೇಲೆ ನನಗೇಕೋ ಅನುಮಾನ’, ‘ಅನುಮಾನಾಸ್ಪದ ಸಾವು’. ಶಾಂತಿಗ್ರಾಮದಲ್ಲಿ ಬಸ್ಸಿಗೆ ಕಾಯುತ್ತಾ ಅರ್ಧ ಗಂಟೆ ನಿಂತರೆ ಈ ಮಾತು ನಾಲ್ಕಾರು ಬಾರಿಯಾದರೂ ಕಿವಿಗೆ ಬೀಳುತ್ತದೆ. ಹುಡುಗರು ಇದನ್ನೇ ‘ಡೌಟು’ ಎನ್ನುತ್ತಾರೆ. ಪಾರಸಿಯಿಂದ ಬಂದ ‘ಗುಮಾನಿ’ ಹೆಚ್ಚಾಗಿ ಪೊಲೀಸರ ಸುದ್ದಿಯಲ್ಲಿ ಉಳಿದುಕೊಂಡಿದೆ. ಪ್ರವಚನಗಳಲ್ಲಿ ಸಂಶಯ, ಸಂದೇಹ, ಶಂಕೆಗಳು ಬರುತ್ತವೆ. ಸಂಶಯ ಎಂಬುದರ ಧಾತುವಿಗೆ ಮಲಗು ಎಂದರ್ಥ. ಮನಸ್ಸು ಎರಡು ಮಗ್ಗುಲಿಗೂ ಹೊರಳುತ್ತಿರುವ ಸ್ಥಿತಿ ಅದು. ಇವುಗಳ ನಡುವೆ ಅನುಮಾನದ ಕಥೆಯೇ ಬೇರೆ. ಅದು ಬಹಳ ಮರ್ಯಾದೆಯ ಮನೆಯಲ್ಲಿ ಹುಟ್ಟಿದ ಶಬ್ದ.

ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ‘ಅನು’ ಎಂದರೆ ಅನುಸರಿಸಿ, ‘ಮಾನ’ ಎಂದರೆ ಅಳತೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಅರಿಯುವುದು ಅನುಮಾನ. ಅಂದರೆ ಅದು ನಿಶ್ಚಯಜ್ಞಾನದ ಸಾಧನವಾಗಿತ್ತು. ನಮ್ಮ ಬಳಕೆಯಲ್ಲಿ ಅದೇ ಮಾತು ನಿಶ್ಚಯವಿಲ್ಲದಿರುವುದಕ್ಕೆ ಹೆಸರಾಯಿತು. ಇದನ್ನು ತಪ್ಪೆಂದು ನಾನು ಹೇಳಲಾರೆ. ಮಾತುಗಳು ಊರೂರು ತಿರುಗುವಂಥವು, ಅರ್ಥ ಬದಲಿಸುವಂಥವು. ಆದರೆ ಅರ್ಥದೊಡನೆ ಅಳೆದು ನೋಡುವ ಅಭ್ಯಾಸವೂ ಹೋಯಿತಲ್ಲಾ ಎಂಬುದೇ ನನ್ನ ಕೊರಗು.

ಯಾರ ಮೇಲಾದರೂ ಚಾಡಿ ಹುಟ್ಟಿದಾಗ ಅದರ ಬೆಂಬಲಕ್ಕೆ ನಾವು ಹೇಳುವುದೇನು? ‘ಬೆಂಕಿಯಿಲ್ಲದೆ ಹೊಗೆಯಾಡುವುದೆ?’ ತಾರ್ಕಿಕರ ಉದಾಹರಣೆಯೇ ಚಾಡಿಕೋರನ ಕೈಗೆ ಸಿಕ್ಕ ಬಗೆ ನೋಡಿರಿ. ಆದರೆ ಆ ತಾರ್ಕಿಕರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಹಬೆಯನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದರೆ ಆ ಊಹೆ ನಿಲ್ಲದು. ಅಂಥ ಕಾರಣವನ್ನು ಅವರು ಹೇತ್ವಾಭಾಸವೆಂದರು. ಮಾಗಿಯ ಬೆಳಗಿನಲ್ಲಿ ನಮ್ಮ ಸೀಮೆಯ ಕೆರೆಗಳ ಮೇಲೆ ಏಳುವ ಮಂಜನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಅರ್ಥದ ಅನುಮಾನವನ್ನು ಇಂದಿಗೂ ಬಿಡದವರು ನಮ್ಮ ಆಲೂಗಡ್ಡೆ ಬೆಳೆಗಾರರು. ಮುಂಗಾರಿಗೆ ಮೊದಲು ಪಂಜಾಬಿನ ಜಲಂಧರದಿಂದ ಹಾಸನದ ಎಪಿಎಂಸಿಗೆ ಬಿತ್ತನೆ ಗೆಡ್ಡೆ ಬರುತ್ತದೆ. ಅಂಗಮಾರಿಗೆ ಬೆಳೆಯನ್ನು ಕಳೆದುಕೊಂಡ ರೈತ ಚೀಟಿಯನ್ನಷ್ಟೇ ನಂಬುವುದಿಲ್ಲ. ಗೆಡ್ಡೆಯನ್ನು ಕೊಯ್ದು ಒಳಗೆ ಕಪ್ಪು ಬಂದಿದೆಯೇ ಎಂದು ನೋಡುತ್ತಾನೆ. ಇದರಲ್ಲಿ ದೋಷವೇನಿಲ್ಲ. ಆದರೆ ಮನುಷ್ಯನನ್ನು ಕೊಯ್ದು ನೋಡಲಾಗದು, ಕೇಳಿಯೇ ತಿಳಿಯಬೇಕು.

ಭಕ್ತನಾದವನು ಪ್ರಶ್ನಿಸಲೇಬಾರದು ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಶೂನ್ಯಸಂಪಾದನೆಯನ್ನು ತೆರೆದರೆ ಪ್ರಶ್ನೆಗಳೇ ತುಂಬಿವೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಷ್ಟು ಕಠಿಣವಾಗಿ ಕೇಳುತ್ತಾರೆ! ನಿನ್ನ ಪತಿ ಯಾರು, ದೇಹಭಾವ ಅಳಿದಿದ್ದರೆ ಕೂದಲನ್ನೇಕೆ ಮರೆ ಮಾಡಿಕೊಂಡೆ ಎಂದು ಮುಖದೆದುರೇ, ಶರಣರೆಲ್ಲರ ನಡುವೆಯೇ ಕೇಳುತ್ತಾರೆ. ಆಕೆಯೂ ಅಷ್ಟೇ ನಿರ್ಭಯವಾಗಿ ಉತ್ತರಿಸುತ್ತಾಳೆ, ಸಭೆ ತಲೆಬಾಗುತ್ತದೆ. ಬೆನ್ನ ಹಿಂದೆ ಒಂದು ಮಾತೂ ಇಲ್ಲ.

ಬಸವಣ್ಣನವರಿಗಾದರೋ ಬೆನ್ನ ಹಿಂದಿನ ಮಾತುಗಳು ತಪ್ಪಲಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಭಂಡಾರದ ಹಣವೆಲ್ಲ ಜಂಗಮರ ಪಾಲಾಯಿತೆಂದು ಬಿಜ್ಜಳನ ಕಿವಿಯಲ್ಲಿ ಊದಿದರು. ಎಣಿಸಿದರೆ ಒಂದು ಹೊನ್ನೂ ಕಡಿಮೆಯಿರಲಿಲ್ಲ. ಬಿಜ್ಜಳನನ್ನು ನಾವು ಎಷ್ಟೇ ದೂರಿದರೂ ಎಣಿಸಿ ನೋಡುವಷ್ಟು ವಿವೇಕ ಆಗ ಅವನಿಗಿತ್ತು. ಚಾಡಿ ಹೇಳಿದವರು ಎಣಿಸಿರಲಿಲ್ಲ.

ಆದರೆ ಈ ವಿಷಯದಲ್ಲಿ ನನಗೆ ಎಲ್ಲರಿಗಿಂತ ದೊಡ್ಡವಳಾಗಿ ಕಾಣುವವಳು ಆಯ್ದಕ್ಕಿ ಲಕ್ಕಮ್ಮ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನ ಗಂಟು ಎಂದಿಗಿಂತ ದೊಡ್ಡದಾಗಿತ್ತು. ಲಕ್ಕಮ್ಮನಿಗೆ ಸಂದೇಹ ಬಂದಿತು. ಅವಳು ಅಕ್ಕಿ ಚೆಲ್ಲಿದವರನ್ನು ಸಂದೇಹಿಸಲಿಲ್ಲ, ಅಂಗಳದಲ್ಲಿ ಆಯುತ್ತಿದ್ದ ಬೇರೆಯವರನ್ನೂ ಅಲ್ಲ. ತನ್ನ ಮನೆಗೆ ಆಸೆ ಹೊಕ್ಕಿತೇ ಎಂದು ಶಂಕಿಸಿದಳು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನಿಗೆ ನೇರವಾಗಿ ಹೇಳಿದಳು. ಷಟ್‌ಸ್ಥಲದಲ್ಲಿ ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿಯನ್ನು ಹೇಳಿದ್ದಾರಲ್ಲವೆ? ನನ್ನೊಳಗೆ ಬರುವುದು ಏನೆಂಬ ಎಚ್ಚರವದು. ಆ ಎಚ್ಚರವನ್ನು ಹೊರಗಿನವರತ್ತ ತಿರುಗಿಸಿದಾಗ ಅದು ನಮ್ಮ ಇಂದಿನ ಅನುಮಾನವಾಗುತ್ತದೆ.

ಪಂಕ್ತಿಯಲ್ಲಿ ಹೊಸ ಮುಖ ಕಂಡರೆ ‘ಇವರು ನಮ್ಮವರೇ?’ ಎಂದು ಪಕ್ಕದವರ ಕಿವಿಯಲ್ಲಿ ಕೇಳುವುದನ್ನು ದಾಸೋಹದ ಮನೆಗಳಲ್ಲಿ ನಾನು ಕಂಡಿದ್ದೇನೆ. ಬಸವಣ್ಣನವರ ಹೆಸರು ಹೇಳಿ ಉಣ್ಣುವಲ್ಲಿಯೇ ಹೀಗೆ. ನಾನೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರ ದಾಸೋಹದಲ್ಲಿ ಹಿತ್ತಾಳೆಯ ದೊಡ್ಡ ಸೌಟೊಂದು ಕಾಣೆಯಾಯಿತು. ಎರಡು ದಿನಗಳಿಂದ ಸೌದೆ ಹೊತ್ತು ಹಾಕುತ್ತಿದ್ದ ಅಪರಿಚಿತ ಹುಡುಗನೊಬ್ಬನಿದ್ದ. ಯಾರೂ ಅವನನ್ನು ಏನೂ ಅನ್ನಲಿಲ್ಲ. ಅವನು ಹತ್ತಿರ ಬಂದಾಗ ಮಾತು ನಿಲ್ಲುತ್ತಿತ್ತು, ಅಷ್ಟೇ. ಪಾತ್ರೆಗಳನ್ನು ಎರಡನೆಯ ಸಲ ಎಣಿಸಿದವನು ನಾನೇ, ಅದೂ ಅವನೆದುರಿಗೇ. ಸಂಜೆ ಪ್ರಸಾದಕ್ಕೆ ಕುಳಿತಾಗ ಅವನಿರಲಿಲ್ಲ.

ಮೂರನೆಯ ದಿನ ಕೊಪ್ಪರಿಗೆಯನ್ನು ತೊಳೆಯಲು ಮಗುಚಿದಾಗ ತಳಕ್ಕಂಟಿದ ಅನ್ನದಡಿಯಲ್ಲಿ ಸೌಟು ಸಿಕ್ಕಿತು. ಅವನನ್ನು ಕರೆಸೋಣವೆಂದು ಹಿರಿಯರೊಬ್ಬರು ಎದ್ದರು. ಎಲ್ಲಿಂದ ಕರೆಸುವುದು? ಅವನ ಊರನ್ನಾಗಲಿ ಹೆಸರನ್ನಾಗಲಿ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.