ಮತದಾರರನ್ನು ಹೀಗಳೆಯುವ ಮುನ್ನ

ಚುನಾವಣೆಯ ಫಲಿತಾಂಶ ಪ್ರಕಟವಾದ ಮರುದಿನ ನಗರಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಹಳ್ಳಿಯವರು ಹಣಕ್ಕೆ, ಹೆಂಡಕ್ಕೆ, ಜಾತಿಗೆ ಮತ ಮಾರಿಕೊಳ್ಳುತ್ತಾರೆ, ಅವರಿಂದಾಗಿ ದೇಶ ಹೀಗಿದೆ. ಹಳ್ಳಿಯ ಕಟ್ಟೆಗಳಲ್ಲಿ ಇದಕ್ಕೆ ಪ್ರತಿಯಾದ ಮಾತೂ ಇದೆ: ಪಟ್ಟಣದವರು ಮತದಾನದ ದಿನ ರಜೆ ಹಾಕಿ ಪ್ರವಾಸ ಹೋಗುವವರು, ಬುದ್ಧಿ ಹೇಳಲು ಮಾತ್ರ ಮುಂದು. ಇದನ್ನು ಬಾಯಿಚಪಲವೆಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ಈ ತಾತ್ಸಾರಕ್ಕೆ ಪರಿಣಾಮವುಂಟು. ಮತ ಹಾಕಲು ತಿಳಿಯದವರೆಂದು ಯಾರನ್ನು ಒಮ್ಮೆ ತೀರ್ಮಾನಿಸಲಾಗುತ್ತದೆಯೋ, ಅವರ ಊರಿನ ನೀರು, ಕಾಡು, ಗೋಮಾಳಗಳ ವಿಷಯದಲ್ಲಿ ಅವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಮೊದಲು ಅಂಕಿಅಂಶಗಳನ್ನು ನೋಡಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಈ ಮೂರು ಕ್ಷೇತ್ರಗಳಲ್ಲಿ ಮತದಾನ ಶೇಕಡಾ 55ನ್ನು ಮುಟ್ಟಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನೊಳಗೊಂಡ ದಾವಣಗೆರೆ ಕ್ಷೇತ್ರದಲ್ಲಿ ಅದು ಸುಮಾರು 77ರಷ್ಟಿತ್ತು. ಮೇ ತಿಂಗಳ ಸುಡುಬಿಸಿಲಿನಲ್ಲಿ ಸಾಲುಗಟ್ಟಿ ನಿಂತವರನ್ನು ಪ್ರಜಾಪ್ರಭುತ್ವದ ಅರಿವಿಲ್ಲದವರೆಂದು ಕರೆಯುವುದು ಹೇಗೆ?

ಮತ ಮಾರಾಟವಾಗುವುದಿಲ್ಲವೆಂದು ಯಾರೂ ವಾದಿಸಬೇಕಿಲ್ಲ. ಹಣವೂ ಹರಿಯುತ್ತದೆ, ಸೀರೆಯೂ ಹಂಚಿಕೆಯಾಗುತ್ತದೆ. ನಗರದ ಬಡಾವಣೆಗಳಲ್ಲೂ ಅದೇ ನಡೆಯುತ್ತದೆ. ಆದರೆ ಹಣ ಪಡೆದವರು ವಿವೇಚನೆಯನ್ನೂ ಒಪ್ಪಿಸಿಬಿಡುತ್ತಾರೆಂಬ ತರ್ಕಕ್ಕೆ ಈ ತಾಲ್ಲೂಕುಗಳ ಚರಿತ್ರೆ ಒಪ್ಪುವುದಿಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದರು. ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರಲ್ಲಿ, ದಾವಣಗೆರೆ ಜಿಲ್ಲೆ ರಚನೆಯಾಯಿತು. ಎರಡೇ ವರ್ಷಗಳ ನಂತರ, 1999ರ ವಿಧಾನಸಭಾ ಚುನಾವಣೆಯಲ್ಲಿ, ಅಧಿಕಾರದಲ್ಲಿದ್ದ ಅದೇ ಮುಖ್ಯಮಂತ್ರಿಯನ್ನು ಚನ್ನಗಿರಿಯ ಮತದಾರರು ಸೋಲಿಸಿದರು. ಅಂದಿನ ತೀರ್ಪು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದು ಋಣಕ್ಕಾಗಲೀ ಅಂಜಿಕೆಗಾಗಲೀ ಕಟ್ಟುಬಿದ್ದವರ ತೀರ್ಪಂತೂ ಅಲ್ಲ.

ಹೊನ್ನಾಳಿಯಲ್ಲಿ 2013, 2018, 2023ರ ಮೂರು ಚುನಾವಣೆಗಳಲ್ಲೂ ಗೆದ್ದಿದ್ದವರನ್ನು ಇಳಿಸಿ ಸೋತಿದ್ದವರನ್ನು ಏರಿಸಲಾಯಿತು. ಜಗಳೂರಿನ ಜೆ. ಮಹಮದ್ ಇಮಾಂ ಅವರು 1957ರಲ್ಲಿ ಕಾಂಗ್ರೆಸ್ಸಿನ ಪ್ರಾಬಲ್ಯದ ಕಾಲದಲ್ಲೇ ಪ್ರಜಾ ಸಮಾಜವಾದಿ ಪಕ್ಷದಿಂದ ಚಿತ್ರದುರ್ಗದ ಲೋಕಸಭಾ ಸದಸ್ಯರಾದರು. ಜಾತಿಮತದ ಲೆಕ್ಕವೊಂದನ್ನೇ ಬಲ್ಲ ಮತದಾರರಾಗಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಈ ತಾತ್ಸಾರಕ್ಕೆ ಮೆಟ್ಟಿಲುಗಳಿವೆ. ಬೆಂಗಳೂರು ದಾವಣಗೆರೆಯನ್ನು ಕೀಳಾಗಿ ನೋಡಿದರೆ, ದಾವಣಗೆರೆ ನಗರ ಜಗಳೂರನ್ನು ಹಾಗೆಯೇ ನೋಡುತ್ತದೆ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ಆ ಪಟ್ಟಿಯಲ್ಲಿದ್ದವು. ಹೆಚ್ಚಿನ ಹಣ ಒದಗಿಸಬೇಕೆಂಬ ಉದ್ದೇಶದಿಂದ ಬಳಸಿದ 'ಹಿಂದುಳಿದ' ಎಂಬ ಪದ ಬರಬರುತ್ತಾ ಜನರ ಬುದ್ಧಿಗೆ ಅಂಟಿದ ವಿಶೇಷಣವಾಯಿತು. ಮಲೆನಾಡಿಗರೂ ಈ ದೋಷದಿಂದ ಮುಕ್ತರಲ್ಲ. ಬಯಲಿನವರಿಗೆ ಕಾಡಿನ ಬೆಲೆ ತಿಳಿಯದು, ಅವರಿಗೆ ನಾಲೆಯ ನೀರೊಂದೇ ಬೇಕು ಎಂಬ ಮಾತು ಘಟ್ಟದ ಅಂಚಿನ ಊರುಗಳಲ್ಲಿ ಸಾಮಾನ್ಯ. ಅದೇ ಬಯಲಿನ ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿಗಳಿಗಾಗಿ 2011ರಲ್ಲಿ ರಂಗಯ್ಯನದುರ್ಗ ವನ್ಯಧಾಮ ಘೋಷಣೆಯಾಯಿತೆಂಬುದನ್ನು ಹೀಗೆ ಹೇಳುವವರು ಮರೆತಿರುತ್ತಾರೆ.

ಇದರ ನಿಜವಾದ ಬೆಲೆ ತಿಳಿಯುವುದು ನೀರಿನ ವಿಷಯದಲ್ಲಿ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ತಮ್ಮನ್ನು ಕೇಳದೆ ನಿರ್ಧರಿಸಿದರೆಂಬುದೇ ಮಲೆನಾಡಿನ ಮುಖ್ಯ ನೋವಾಗಿತ್ತು. ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ, ತರೀಕೆರೆಗಳ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ ಆರಂಭವಾದಾಗ, 2025ರ ಜೂನ್ ತಿಂಗಳಲ್ಲಿ, ದಾವಣಗೆರೆ ಜಿಲ್ಲೆಯ ಅಚ್ಚುಕಟ್ಟು ರೈತರು ಬೀದಿಗಿಳಿದದ್ದೂ ಅದೇ ನೋವಿನಿಂದ. ಕುಡಿಯುವ ನೀರಿಗೆ ಅಡ್ಡಬರುವ ಸ್ವಾರ್ಥಿಗಳೆಂದು ಅವರನ್ನು ಹೀಗಳೆಯುವುದು ಸುಲಭ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಕೊಟ್ಟಿದೆ. ನೆರೆಯವರ ಬಾಯಾರಿಕೆ ಆ ಜನಕ್ಕೆ ತಿಳಿಯದ ವಿಷಯವಲ್ಲ. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ನೀರನ್ನು ಎತ್ತುವ ಭದ್ರಾ ಮೇಲ್ದಂಡೆ ಯೋಜನೆಗಾಗಿ ಜಗಳೂರಿನ ಮಳೆಯಾಶ್ರಿತ ರೈತರು ಬಹುಕಾಲ ಕಾಯುತ್ತ ಬಂದಿದ್ದಾರೆ. ಅವರ ಬೇಡಿಕೆಯೂ ನ್ಯಾಯವಾದುದೇ. ಮಲೆನಾಡಿನ ಕಾಡು, ಚನ್ನಗಿರಿ ಹೊನ್ನಾಳಿಗಳ ಗದ್ದೆ ತೋಟ, ಜಗಳೂರಿನ ಕೆರೆ ಈ ಮೂರೂ ಒಂದೇ ನೀರಿನ ಮೇಲೆ ನಿಂತಿವೆ. ಆದರೆ ಮೂರೂ ಕಡೆಯ ಜನರನ್ನು ಒಂದೆಡೆ ಕೂರಿಸಿ ಎಷ್ಟು ನೀರಿದೆ, ಯಾರಿಗೆಷ್ಟು ಎಂದು ಲೆಕ್ಕ ಒಪ್ಪಿಸುವ ಪದ್ಧತಿ ಬೆಳೆದಿಲ್ಲ. ಒಬ್ಬರನ್ನೊಬ್ಬರು ಮೂರ್ಖರೆಂದುಕೊಳ್ಳುವವರೆಗೆ ಅಂಥ ಪದ್ಧತಿಯನ್ನು ಕೇಳುವವರೂ ಇರುವುದಿಲ್ಲ.

ಈ ಜಗಳದ ಗದ್ದಲದಲ್ಲಿ ಒಂದು ದೊಡ್ಡ ನಷ್ಟ ಗಮನಕ್ಕೆ ಬಾರದೆ ಹೋಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವುಗಳ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ವ್ಯಾಜ್ಯಗಳ ನೆಪದಲ್ಲಿ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಅಧಿಕಾರಿಗಳೇ ಆಡಳಿತ ನಡೆಸಿದರು. 2017ರ ಆಯವ್ಯಯದಲ್ಲಿ ಘೋಷಣೆಯಾಗಿ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ತಾಲ್ಲೂಕಿನ ಜನ ಆ ವರ್ಷಗಳಲ್ಲಿ ತಮ್ಮದೇ ತಾಲ್ಲೂಕು ಪಂಚಾಯತಿಯನ್ನು ಆರಿಸುವ ಅವಕಾಶ ಕಾಣಲಿಲ್ಲ. ನಗರದ ಸ್ಥಿತಿಯೂ ಬೇರೆಯಾಗಿರಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಗೆ 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮತ್ತೆ ಚುನಾವಣೆ ನಡೆಯದೆಯೇ 2025ರಲ್ಲಿ ಆ ಪಾಲಿಕೆಯನ್ನು ಐದಾಗಿ ವಿಂಗಡಿಸಲಾಯಿತು. ಹಳ್ಳಿಗರ ಮತವನ್ನು ನಗರದವರು, ನಗರದವರ ಮತವನ್ನು ಹಳ್ಳಿಗರು ಲೇವಡಿ ಮಾಡುತ್ತಿದ್ದ ಹೊತ್ತಿನಲ್ಲೇ ಇಬ್ಬರ ಮನೆಬಾಗಿಲಿನ ಮತವೂ ಕೈತಪ್ಪಿತ್ತು.

ಆದ್ದರಿಂದ ಮಾಡಬೇಕಾದ ಕೆಲಸ ಹತ್ತಿರದಲ್ಲೇ ಇದೆ. ಪಶ್ಚಿಮಘಟ್ಟಗಳನ್ನು ಕುರಿತ ಮಾಧವ ಗಾಡ್ಗೀಳ್ ಸಮಿತಿ ತನ್ನ 2011ರ ವರದಿಯಲ್ಲಿ, ಸೂಕ್ಷ್ಮ ಪ್ರದೇಶಗಳನ್ನು ಅಂತಿಮವಾಗಿ ಗುರುತಿಸುವಾಗ ಗ್ರಾಮಸಭೆಗಳ ಅಭಿಪ್ರಾಯ ಪಡೆಯಬೇಕೆಂಬ ನಿಲುವು ತಳೆದಿತ್ತು. ಅದೇ ನ್ಯಾಯ ನೀರಿನ ಯೋಜನೆಗಳಿಗೂ ಸಲ್ಲಬೇಕು. ಯೋಜನಾ ವರದಿಗಳು ಕನ್ನಡದಲ್ಲಿ ಪಂಚಾಯತಿ ಕಚೇರಿಗೆ ಬರಲೇಬೇಕೆಂದು ಮಲೆನಾಡು, ಬಯಲುನಾಡುಗಳ ಗ್ರಾಮಸಭೆಗಳು ಒಂದೇ ದನಿಯಲ್ಲಿ ನಿರ್ಣಯ ಮಾಡಬೇಕು. ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ಮಲೆನಾಡಿನಿಂದ ಜಗಳೂರಿಗೂ ಜಗಳೂರಿನಿಂದ ಮಲೆನಾಡಿಗೂ ಹೋಗಿ ಕೆರೆ, ನಾಲೆ, ಕಾಡುಗಳ ಸ್ಥಿತಿಯನ್ನು ಕಣ್ಣಾರೆ ಕಂಡು, ಊರವರಿಂದ ಕೇಳಿ ಬರೆದುಕೊಳ್ಳಬೇಕು. ತಾಲ್ಲೂಕು ಪಂಚಾಯತಿಗಳಿಗೆ ಕಾಲಕಾಲಕ್ಕೆ ಚುನಾವಣೆ ನಡೆಯಬೇಕೆಂಬ ಒತ್ತಾಯಕ್ಕೆ ನಗರದ ಗೆಳೆಯರನ್ನೂ ಜೊತೆಗೂಡಿಸಿಕೊಳ್ಳಬೇಕು. ಅವರೂ ಅದೇ ಅನ್ಯಾಯವನ್ನು ಉಂಡವರು.